ಹದಿನೇಳು ಗಂಟೆಯ ದಾರಿ

ದೂರವನ್ನು ಕಿಲೋಮೀಟರಿನಲ್ಲಿ ಹೇಳುವುದು ಶಾಲೆಯ ಪುಸ್ತಕಕ್ಕೆ ಸರಿ. ಮನೆಗಳಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ನಮ್ಮಜ್ಜಿಯ ತವರು ಬೆಳಗಿನ ಜಾವ ಗಾಡಿ ಕಟ್ಟಿದರೆ ದೀಪ ಹಚ್ಚುವ ಹೊತ್ತಿಗೆ ಸಿಗುವಷ್ಟು ದೂರದಲ್ಲಿತ್ತು. ಅಮ್ಮನ ತವರು ಒಂದು ಬಸ್ಸು, ಒಂದು ರೈಲು. ಹೆಣ್ಣು ಕೊಡುವಾಗ ದೊಡ್ಡವರು ವಿಚಾರಿಸುತ್ತಿದ್ದುದೂ ಅದನ್ನೇ: ಬೇಕೆಂದಾಗ ಹೊರಟರೆ ಎಷ್ಟು ಹೊತ್ತಿಗೆ ಬಂದು ಸೇರುತ್ತಾಳೆ? ನಮ್ಮ ಅಕ್ಕನನ್ನು 1984ರಲ್ಲಿ ಕ್ಯಾಲಿಫೋರ್ನಿಯಾದ ಹುಡುಗನಿಗೆ ಕೊಟ್ಟಾಗ ಮಾತ್ರ ಈ ಪ್ರಶ್ನೆಗೆ ತಿಪಟೂರಿನ ನಮ್ಮ ಬೀದಿಯಲ್ಲಿ ಉತ್ತರ ಹೇಳುವವರಿರಲಿಲ್ಲ. ಅಪ್ಪ ಅಟ್ಲಾಸ್ ಬಿಡಿಸಿ ಬಲಗಡೆಯ ಇಂಡಿಯಾದ ಮೇಲೆ ಒಂದು ಬೆರಳು, ಎಡಗಡೆಯ ತುದಿಯಲ್ಲಿದ್ದ ಸ್ಯಾನ್‌ಫ್ರಾನ್ಸಿಸ್ಕೊ ಮೇಲೆ ಇನ್ನೊಂದು ಬೆರಳು ಇಟ್ಟು ತೋರಿಸಿದರು. ಎರಡು ಕೈ ಬೇಕಾಯಿತು. ಅಮ್ಮ ಆ ಪುಟ ನೋಡಿದವಳು ಅಡಿಗೆಮನೆಗೆ ಎದ್ದುಹೋದಳು.

ನಾನಾಗ ಹೈಸ್ಕೂಲಿನಲ್ಲಿದ್ದೆ. ಆಮೇಲೆ ಬಿ.ಎ., ಬಿ.ಎಡ್. ಮಾಡಿ ಸಮಾಜ ವಿಜ್ಞಾನದ ಮೇಡಂ ಆಗಿ, ಮೂವತ್ತು ವರ್ಷ ಅದೇ ಅಟ್ಲಾಸನ್ನು ಮಕ್ಕಳಿಗೆ ಬಿಡಿಸಿ ತೋರಿಸಿದ್ದೇನೆ. ಆ ಚಪ್ಪಟೆ ಭೂಪಟ ನಮ್ಮ ಮನೆಗೆ ಸುಮ್ಮನೆ ಹೆಚ್ಚು ಸಂಕಟ ಕೊಟ್ಟಿತೆಂದು ಗೊತ್ತಾದದ್ದು ಶಾಲೆಯ ಗೋಳದ ಮೇಲೆ ದಾರ ಹಿಡಿದಾಗ. ಎಂಟನೇ ತರಗತಿಗೆ ಇದನ್ನು ಪ್ರತಿ ವರ್ಷ ಮಾಡಿಸುತ್ತೇನೆ. ಹೂ ಕಟ್ಟುವ ದಾರದ ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ತುದಿ ಸ್ಯಾನ್‌ಫ್ರಾನ್ಸಿಸ್ಕೊ ಮೇಲೆ ಒತ್ತಿ ಹಿಡಿದು ಎಳೆಯಬೇಕು. ದಾರ ಪೂರ್ವಕ್ಕೆ ಹೋಗುತ್ತದೋ ಪಶ್ಚಿಮಕ್ಕೋ ಎಂದು ಮೊದಲು ಕೇಳುತ್ತೇನೆ. ಅರ್ಧ ತರಗತಿ ಪೆಸಿಫಿಕ್ ಎನ್ನುತ್ತದೆ, ಇನ್ನರ್ಧ ಅಟ್ಲಾಂಟಿಕ್ ಎನ್ನುತ್ತದೆ. ದಾರವನ್ನು ಬಿಗಿ ಮಾಡುತ್ತಿದ್ದಂತೆ ಅದು ಎರಡೂ ಸಾಗರ ಬಿಟ್ಟು ಮೇಲಕ್ಕೆ ಜಾರುತ್ತದೆ. ಟಿಬೆಟ್, ಸೈಬೀರಿಯಾ, ಅಲಾಸ್ಕ ಹಾದು ಅಮೆರಿಕದ ಪಶ್ಚಿಮ ಕರಾವಳಿಗೆ ಇಳಿಯುತ್ತದೆ. ಈ ದಾರದ ಉದ್ದ ಸುಮಾರು 14,000 ಕಿಲೋಮೀಟರು. ಭೂಮಿಯ ಸುತ್ತಳತೆಯೇ 40,000 ಎಂದ ಮೇಲೆ ಇದು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಯಾವ ಊರೂ ಇನ್ನೊಂದು ಊರಿನಿಂದ 20,000 ಕಿಲೋಮೀಟರಿಗಿಂತ ಹೆಚ್ಚು ದೂರ ಇರುವುದಕ್ಕೆ ಸಾಧ್ಯವಿಲ್ಲ ಎಂದೂ ಮಕ್ಕಳಿಗೆ ಹೇಳುತ್ತೇನೆ. ಅಲ್ಲಿಂದಾಚೆಗೆ ಹೋದರೆ ಹತ್ತಿರವಾಗುತ್ತ ಬರುತ್ತದೆ.

ಈ ದಾರಿಯನ್ನು ಜನ ಹೇಗೆ ದಾಟಿದರು ಎಂಬುದೇ ಒಂದು ಚರಿತ್ರೆ. ನಮ್ಮ ಪಠ್ಯಪುಸ್ತಕಗಳಲ್ಲಿ ಇದು ಬರುವುದಿಲ್ಲ. ಬರುವುದಾದರೆ ಕೊಲಂಬಸ್ಸಿನಿಂದ ಶುರುವಾಗಿ ಗಂಡಸರಲ್ಲೇ ಮುಗಿಯುತ್ತದೆ. ನನಗೆ ಮೊದಲು ನೆನಪಾಗುವವಳು ಆನಂದಿಬಾಯಿ ಜೋಶಿ. ಒಂಬತ್ತು ವರ್ಷಕ್ಕೆ ಮದುವೆಯಾದವಳು, ಹೆತ್ತ ಕೂಸನ್ನು ಹತ್ತು ದಿನಕ್ಕೇ ಕಳೆದುಕೊಂಡವಳು, ವೈದ್ಯೆಯಾಗುತ್ತೇನೆಂದು ಗಂಡನನ್ನು ಇಲ್ಲೇ ಬಿಟ್ಟು 1883ರ ಏಪ್ರಿಲ್ 7ರಂದು ಕಲ್ಕತ್ತೆಯಲ್ಲಿ ಹಡಗು ಹತ್ತಿದಳು. ನ್ಯೂಯಾರ್ಕಿಗೆ ಕಾಲಿಟ್ಟದ್ದು ಜೂನ್ 4ಕ್ಕೆ. ಐವತ್ತೆಂಟು ದಿನ. ಆಗ ಅವಳಿಗೆ ಹದಿನೆಂಟು ವರ್ಷ. ಹಡಗಿನ ಊಟದಲ್ಲಿ ಅವಳು ತಿನ್ನುವಂಥದ್ದು ಎಷ್ಟಿತ್ತೋ! 1886ರಲ್ಲಿ ವೈದ್ಯ ಪದವಿ ಪಡೆದು ಮರಳಿದ ಅವಳು ಮರುವರ್ಷ ಫೆಬ್ರವರಿಯಲ್ಲಿ ಕ್ಷಯದಿಂದ ತೀರಿಕೊಂಡಳು. ಇಪ್ಪತ್ತೆರಡು ತುಂಬಿರಲಿಲ್ಲ. ಹತ್ತು ವರ್ಷದ ಮೇಲೆ ವಿವೇಕಾನಂದರು ಹೋದದ್ದು ಇನ್ನೊಂದು ದಿಕ್ಕಿನಿಂದ. 1893ರ ಮೇ 31ಕ್ಕೆ ಬೊಂಬಾಯಿ ಬಿಟ್ಟು, ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್, ಜಪಾನು ಸುತ್ತಿ ಜುಲೈ 25ಕ್ಕೆ ಕೆನಡಾದ ವ್ಯಾಂಕೂವರಿಗೆ. ಅದೂ ಎಂಟು ವಾರ. ಯಾವ ಕಡೆಯಿಂದ ಹೋದರೂ ಅಮೆರಿಕ ಎರಡು ತಿಂಗಳ ದೂರದಲ್ಲಿತ್ತು ಅನ್ನಿ.

ಆ ನಡುವೆ, 1889ರಲ್ಲಿ, ನೆಲ್ಲಿ ಬ್ಲೈ ಎಂಬ ಪತ್ರಕರ್ತೆ ಒಂದೇ ಕೈಚೀಲ ಹಿಡಿದು ನ್ಯೂಯಾರ್ಕ್ ಕಡೆಯಿಂದ ಭೂಮಿ ಸುತ್ತಲು ಹೊರಟಳು. ಎಂಬತ್ತು ದಿನದಲ್ಲಿ ಭೂಮಿ ಸುತ್ತುವ ಕಾದಂಬರಿಯ ಲೆಕ್ಕವನ್ನು ಮೀರಿಸುವುದು ಅವಳ ಹಟ. ಎಪ್ಪತ್ತೆರಡು ದಿನಕ್ಕೆ ಮುಗಿಸಿದಳು. ಡಿಸೆಂಬರಿನಲ್ಲಿ ಕೊಲಂಬೊದಲ್ಲಿ ಮುಂದಿನ ಹಡಗು ಹೊರಡುವುದನ್ನು ಕಾದು ಕಾದು ಬೇಸತ್ತು, ಕೊನೆಗೆ 1890ರ ಜನವರಿ 21ಕ್ಕೆ ಸ್ಯಾನ್‌ಫ್ರಾನ್ಸಿಸ್ಕೊ ತಲುಪಿದಳು. ಕೊಲಂಬೊ ನಮಗೆ ಹತ್ತಿರದ ಊರು ತಾನೆ. ಅಲ್ಲಿಂದ ಅಕ್ಕನ ಊರಿಗೆ, ಅತ್ಯಂತ ಅವಸರದಲ್ಲಿದ್ದ ಹೆಂಗಸಿಗೆ, ಐದು ವಾರಕ್ಕೂ ಮಿಕ್ಕಿ ಬೇಕಾಯಿತು.

ಕಲಾ ಬಗಾಯಿಯ ಹೆಸರನ್ನೂ ಇಲ್ಲಿ ಹೇಳಬೇಕು. ಪೇಶಾವರದ ಕಡೆಯವಳು. 1915ರ ಸೆಪ್ಟೆಂಬರಿನಲ್ಲಿ ಗಂಡ, ಮೂವರು ಗಂಡುಮಕ್ಕಳೊಡನೆ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಇಳಿದಳು. ಏಂಜೆಲ್ ದ್ವೀಪದಲ್ಲಿ ವಲಸೆಯವರನ್ನು ತಡೆದು ವಿಚಾರಿಸುವ ಠಾಣೆಯಿತ್ತು. ಇವರನ್ನೂ ಕೆಲವು ದಿನ ಅಲ್ಲಿ ಇಟ್ಟರು. ಊರಿನ ಪತ್ರಿಕೆಯವರಿಗೆ ಎಲ್ಲಕ್ಕಿಂತ ದೊಡ್ಡ ಸುದ್ದಿಯಾಗಿ ಕಂಡದ್ದು ಅವಳ ಮೂಗುಬೊಟ್ಟು! ಗಂಡ ವೈಷ್ಣೋದಾಸ್ ಅಲ್ಲಿಯ ಪೌರನೂ ಆದ. ಆದರೆ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲೆ ಅದನ್ನು ಕಿತ್ತುಕೊಂಡರು. 1928ರಲ್ಲಿ ಆತ ಪ್ರಾಣ ತೆಗೆದುಕೊಂಡ. ಕಲಾ ಮಾತ್ರ ಊರಿಗೆ ಮರಳಲಿಲ್ಲ. ಮೂರು ಮಕ್ಕಳನ್ನು ಅಲ್ಲೇ ಓದಿಸಿ ಬೆಳೆಸಿದಳು. ಬರ್ಕ್ಲಿ ಪಟ್ಟಣದ ಒಂದು ಬೀದಿಗೆ ಈಗ ಅವಳ ಹೆಸರಿದೆ. ಅಕ್ಕ ನನಗೆ ಅದರ ಫೋಟೊ ಕಳಿಸಿದ್ದಳು. ವಾಪಸು ಬರುವುದು ದಿನದ ಲೆಕ್ಕದಲ್ಲಿ ಇಲ್ಲದ ಕಾಲದಲ್ಲಿ ಹೋದ ಹೆಣ್ಣುಮಕ್ಕಳು ತವರಿನ ಸಾವು ನೋವನ್ನು ಯಾವಾಗ ಕೇಳಿದರೋ, ಕೇಳಿ ಯಾರೆದುರು ಅತ್ತರೋ.

ವಿಮಾನ ಬಂದ ಕೂಡಲೇ ಎಲ್ಲ ಸುಲಭವಾಯಿತು ಎಂದುಕೊಳ್ಳಬೇಡಿ. 1935ರ ನವೆಂಬರ್ 22ರಂದು ‘ಚೈನಾ ಕ್ಲಿಪ್ಪರ್’ ಎಂಬ ನೀರಿನ ಮೇಲೆ ಇಳಿಯುವ ವಿಮಾನ ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯಿಂದ ಎದ್ದು, ಹೊನೊಲುಲು, ಮಿಡ್‌ವೇ, ವೇಕ್, ಗುವಾಮ್ ದ್ವೀಪಗಳಲ್ಲಿ ಕಪ್ಪೆಯಂತೆ ಕುಪ್ಪಳಿಸುತ್ತ 29ನೇ ತಾರೀಖು ಮನಿಲಾ ಮುಟ್ಟಿತು. ಆಕಾಶದಲ್ಲಿ ಇದ್ದದ್ದು ಸುಮಾರು 60 ಗಂಟೆ, ಹೊತ್ತದ್ದು ಬರೀ ಟಪಾಲು. ಪ್ರಯಾಣಿಕರನ್ನು ಕೂರಿಸಿದ್ದು ಮರುವರ್ಷ. 1947ರಲ್ಲಿ ಅದೇ ಪ್ಯಾನ್ ಅಮೆರಿಕನ್ ಕಂಪನಿ ಭೂಮಿ ಸುತ್ತುವ ಸರ್ವಿಸ್ ಶುರು ಮಾಡಿದಾಗ ಕಲ್ಕತ್ತೆ ಅದರ ಒಂದು ನಿಲ್ದಾಣವಾಯಿತು. ನಮ್ಮ ಏರ್ ಇಂಡಿಯಾ 1948ರ ಜೂನ್ 8ರಂದು ಬೊಂಬಾಯಿಯಿಂದ ಕೈರೊ, ಜಿನೀವಾ ಮೇಲೆ ಲಂಡನ್ನಿಗೆ ಹಾರಿತು. ಜೆಟ್ ವಿಮಾನ ಬಂದು ಲಂಡನ್ನಿನಿಂದಾಚೆ ನ್ಯೂಯಾರ್ಕಿಗೆ ಮುಟ್ಟಿದ್ದು 1960ರ ಮೇ ತಿಂಗಳಲ್ಲಿ.

ಅಕ್ಕ ಹೋಗುವಾಗಲೂ ಇದೇ ದಾರಿ. ತಿಪಟೂರಿನಿಂದ ರೈಲಿನಲ್ಲಿ ಬೆಂಗಳೂರು, ಎಚ್‌.ಎ.ಎಲ್. ನಿಲ್ದಾಣದಿಂದ ಬೊಂಬಾಯಿ, ಅಲ್ಲಿ ಅರ್ಧ ರಾತ್ರಿ ಕಾದು ಲಂಡನ್, ನ್ಯೂಯಾರ್ಕ್, ಮತ್ತೆ ಅಮೆರಿಕ ದಾಟುವುದಕ್ಕೆ ಐದಾರು ಗಂಟೆ. ಮನೆ ಬಿಟ್ಟ ಮೂರನೇ ದಿನ ಮನೆ ಸೇರಿದಳು. ಸೇರಿದೆ ಎಂಬ ಸುದ್ದಿ ನಮಗೆ ಬಂದದ್ದು ಹದಿನೈದು ದಿನದ ಮೇಲೆ, ನೀಲಿ ಏರೋಗ್ರಾಂನಲ್ಲಿ. ಆ ಹದಿನೈದು ದಿನ ಅಮ್ಮ ಹೇಗಿದ್ದಳೆಂದು ನಾನು ಬರೆಯುವುದಿಲ್ಲ. ಹೆಣ್ಣುಮಕ್ಕಳನ್ನು ಕಳಿಸಿಕೊಟ್ಟವರಿಗೆ ಗೊತ್ತಿರುತ್ತದೆ.

1989ರ ಆಗಸ್ಟಿನಲ್ಲಿ ಅಪ್ಪ ಹೋದರು. ಬೆಳಗಿನ ಸ್ನಾನ ಮುಗಿಸಿ ಕೂತವರು ಏಳಲಿಲ್ಲ. ಎದುರು ಮನೆಯವರ ಫೋನಿನಿಂದ ಅಕ್ಕನಿಗೆ ಕಾಲ್ ಬುಕ್ ಮಾಡಿ ಸಿಗುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಅಲ್ಲಿ ನಡುರಾತ್ರಿ. ಆಗ ಐಸ್ ಪೆಟ್ಟಿಗೆ ಇತ್ಯಾದಿ ನಮ್ಮೂರಲ್ಲಿ ಇರಲಿಲ್ಲ, ಇದ್ದಿದ್ದರೂ ಹಿರಿಯರು ಒಪ್ಪುತ್ತಿರಲಿಲ್ಲ. ಸಂಜೆಗೆ ಎಲ್ಲ ಮುಗಿಯಿತು. ಅಕ್ಕ ಸಿಕ್ಕ ಸಿಕ್ಕ ವಿಮಾನ ಹಿಡಿದು ನಾಲ್ಕನೇ ದಿನ ಟ್ಯಾಕ್ಸಿಯಲ್ಲಿ ಬಂದಿಳಿದಾಗ ಅವಳಿಗೆ ತೋರಿಸುವುದಕ್ಕೆ ನಮ್ಮ ಹತ್ತಿರ ಇದ್ದದ್ದು ಬಟ್ಟೆ ಕಟ್ಟಿದ ಒಂದು ಕುಡಿಕೆ. ತಮ್ಮನ ಜೊತೆ ಅವಳೂ ಪಶ್ಚಿಮವಾಹಿನಿಗೆ ಹೋಗಿ ಬಂದಳು. ಹೆಂಗಸರು ಹೋಗುವುದಿಲ್ಲ ಎಂದು ದೊಡ್ಡಪ್ಪ ಗೊಣಗಿದರು. “ಅಷ್ಟು ದೂರದಿಂದ ಬಂದವಳು ಇನ್ನಷ್ಟು ದೂರ ಹೋಗಲಿ ಬಿಡಿ ಭಾವ” ಎಂದಳು ಅಮ್ಮ. ಅವಳು ದೊಡ್ಡಪ್ಪನ ಎದುರು ಅಷ್ಟು ಮಾತಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಗಲೇ ನನ್ನ ತಲೆಗೆ ಹೊಕ್ಕ ಪ್ರಶ್ನೆ: ದಾರ ಎಳೆದರೆ ಸೈಬೀರಿಯಾ ಮೇಲೆ ಹೋಗುವ ದಾರಿಯನ್ನು ಬಿಟ್ಟು ವಿಮಾನಗಳೇಕೆ ಲಂಡನ್ ಸುತ್ತುತ್ತವೆ? ಉತ್ತರ ಅರ್ಧ ರಾಜಕೀಯದಲ್ಲಿದೆ, ಇನ್ನರ್ಧ ಗಾಳಿಯಲ್ಲಿ. ರಾಜಕೀಯ ಮೊದಲು ಹೇಳುತ್ತೇನೆ. ಧ್ರುವದ ಮೇಲೆ ಹಾರಬಹುದೆಂದು ರಷ್ಯದವರೇ ತೋರಿಸಿದ್ದರು. 1937ರ ಜೂನ್‌ನಲ್ಲಿ ಚ್ಕಲೋವ್ ಎಂಬ ವೈಮಾನಿಕ ಇಬ್ಬರು ಸಂಗಡಿಗರೊಡನೆ ಒಂದೇ ಎಂಜಿನ್ನಿನ ವಿಮಾನದಲ್ಲಿ ಮಾಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು 63 ಗಂಟೆಯಲ್ಲಿ ಅಮೆರಿಕದ ನೆಲಕ್ಕಿಳಿದ. ಆಮೇಲೆ ಯುದ್ಧ, ಅದರ ಬೆನ್ನಿಗೆ ಶೀತಲ ಸಮರ. ಸೋವಿಯತ್ ಆಕಾಶ ಬೀಗ ಹಾಕಿದ ಮನೆಯಾಯಿತು. ದಾರಿ ತಪ್ಪಿ ಆ ಆಕಾಶಕ್ಕೆ ಹೋದ ಕೊರಿಯಾದ ವಿಮಾನವನ್ನು 1983ರ ಸೆಪ್ಟೆಂಬರ್ 1ರಂದು ಅವರು ಹೊಡೆದುರುಳಿಸಿದರು. 269 ಜನ ಸತ್ತರು. ಅದಾದ ಮರುವರ್ಷವೇ ಅಕ್ಕ ವಿಮಾನ ಹತ್ತಿದ್ದು. ಸೋವಿಯತ್ ಒಕ್ಕೂಟ ಒಡೆದ ಮೇಲೆ, 1998ರಲ್ಲಿ ಪರೀಕ್ಷೆಯ ಹಾರಾಟಗಳು ನಡೆದು, 2001ರಲ್ಲಿ ಧ್ರುವದ ದಾರಿಗಳು ಎಲ್ಲರಿಗೂ ತೆರೆದವು. ಬೀಗ ತೆಗೆದದ್ದು ಶಾಶ್ವತವೇನಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಯೂರೋಪು, ಅಮೆರಿಕದ ಕಂಪನಿಗಳಿಗೆ ಮತ್ತೆ ಆ ಬಾಗಿಲು ಮುಚ್ಚಿತು.

ಇನ್ನು ಗಾಳಿ. ಮೇಲೆ ಹತ್ತು ಕಿಲೋಮೀಟರಿನ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಗಾಳಿಯೊಂದಿದೆ. ಜಪಾನಿನ ಓಯಿಶಿ ಎಂಬ ಹವಾಮಾನ ತಜ್ಞ 1920ರ ದಶಕದಲ್ಲೇ ಬಲೂನು ಬಿಟ್ಟು ಅದನ್ನು ಅಳೆದಿದ್ದ. ಜಗತ್ತಿಗೆಲ್ಲ ತಿಳಿಯಲೆಂದು ತನ್ನ ವರದಿಯನ್ನು ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ ಬರೆದ, ಹಾಗಾಗಿ ಜಗತ್ತಿನಲ್ಲಿ ಹೆಚ್ಚು ಯಾರೂ ಅದನ್ನು ಓದಲಿಲ್ಲ! ಎರಡನೇ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಬಾಂಬು ಹಾಕಲು ಹೋದ ಅಮೆರಿಕದವರು ಆ ಗಾಳಿಗೆ ಸಿಕ್ಕು ತತ್ತರಿಸಿದ ಮೇಲೆ ಅದಕ್ಕೆ ಮಹತ್ವ ಬಂತು. ಈ ಗಾಳಿ ಬೆನ್ನಿಗಿದ್ದರೆ ದಾರಿ ಉದ್ದವಾದರೂ ಹೊತ್ತು ಕಡಿಮೆ. 2016ರಲ್ಲಿ ದೆಹಲಿ–ಸ್ಯಾನ್‌ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಕಳಿಸಿದಾಗ ದೂರ ಸುಮಾರು 1,400 ಕಿಲೋಮೀಟರು ಹೆಚ್ಚಾಯಿತು, ಆದರೂ ಬೇಗ ಹೋಗಿ ಮುಟ್ಟಿತು. 15,300 ಕಿಲೋಮೀಟರು, ಹದಿನಾಲ್ಕೂವರೆ ಗಂಟೆ. ಇದನ್ನು ಹೇಳಿದಾಗ ನನ್ನ ತರಗತಿಯ ಹುಡುಗನೊಬ್ಬ, “ನಮ್ಮಪ್ಪ ತುಮಕೂರಿಗೆ ಬೈಪಾಸಲ್ಲಿ ಹೋಗೋ ಹಾಗೆ ಮಿಸ್” ಎಂದ. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಅಂತೂ 2021ರ ಜನವರಿ 9ರಂದು, ಶನಿವಾರ ರಾತ್ರಿ, ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಎಲ್ಲೂ ನಿಲ್ಲದ ಮೊದಲ ಏರ್ ಇಂಡಿಯಾ ವಿಮಾನ ಹೊರಟಿತು. ದಾರಿ ಉತ್ತರ ಧ್ರುವದ ಕಡೆಯಿಂದ. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವಣೆ, ಶಿವಾನಿ ಮನ್ಹಾಸ್. ನಾಲ್ವರೂ ಹೆಂಗಸರು. ಟಿವಿಯಲ್ಲಿ ಅವರು ಮಾಸ್ಕು ಹಾಕಿಕೊಂಡು ಹೆಬ್ಬೆರಳೆತ್ತಿ ನಡೆದು ಬರುವುದನ್ನು ನೀವೂ ನೋಡಿರಬಹುದು. ಆ ದಾರಿ ಹಾರುವುದು ಸುಮ್ಮನೆ ಅಲ್ಲ. ಧ್ರುವದ ಹತ್ತಿರ ದಿಕ್ಸೂಚಿಯ ಮುಳ್ಳನ್ನು ನಂಬುವಂತಿಲ್ಲ. ಹೊರಗಿನ ಚಳಿಗೆ ರೆಕ್ಕೆಯೊಳಗಿನ ಇಂಧನ ತಣಿಯುತ್ತ ಹೋಗುತ್ತದೆ, ಅದು ತೀರಾ ತಣಿದರೆ ಗಟ್ಟಿಯಾಗುವ ಜಾತಿಯದು, ಹಾಗಾಗಿ ಅದರ ಮೇಲೆ ಕಣ್ಣಿಟ್ಟಿರಬೇಕು. ಏನಾದರೂ ಆದರೆ ಇಳಿಯುವುದಕ್ಕೆ ನಿಲ್ದಾಣಗಳು ವಿರಳ. ಇನ್ನು ನಮ್ಮ ದಾರ ಹಾದುಹೋಗುವ ಟಿಬೆಟ್ಟಿನ ಮೇಲೆ ವಿಮಾನಗಳು ಸಾಮಾನ್ಯವಾಗಿ ಹೋಗುವುದೇ ಇಲ್ಲ. ಒಳಗಿನ ಗಾಳಿಯ ಒತ್ತಡ ಬಿದ್ದರೆ ಮೂರು ಕಿಲೋಮೀಟರಿನ ಎತ್ತರಕ್ಕೆ ಇಳಿಯಬೇಕು, ಅಲ್ಲಿ ನೆಲವೇ ನಾಲ್ಕೂವರೆ ಕಿಲೋಮೀಟರಿನ ಎತ್ತರದಲ್ಲಿದೆ! ಆ ಬೋಯಿಂಗ್ 777 ವಿಮಾನ ಪೂರ್ತಿ ತುಂಬಿಸಿಕೊಂಡರೆ ಇಂಧನವೇ 145 ಟನ್ನಿನಷ್ಟಾಗುತ್ತದೆ. ಕೂರುವವರು 238 ಜನ. ಜನಕ್ಕಿಂತ ಅವರನ್ನು ಹೊರುವ ಎಣ್ಣೆಯದೇ ಭಾರ.

ಸುಮಾರು 17 ಗಂಟೆ ಹಾರಿ ಅದು ದೇವನಹಳ್ಳಿಯಲ್ಲಿ ಇಳಿದಾಗ ಸೋಮವಾರದ ಬೆಳಗಿನ ಜಾವ. ಭಾನುವಾರ ದಾರಿಯಲ್ಲೇ ಕರಗಿತ್ತು. ಲಾಹೋರಿನ ಸರಳಾ ಠಕ್ರಾಲ್ 1936ರಲ್ಲಿ ಸೀರೆಯುಟ್ಟು ಪುಟ್ಟ ಜಿಪ್ಸಿ ಮಾತ್ ವಿಮಾನ ನಡೆಸಿದವಳು. ಸೌದಾಮಿನಿ ದೇಶಮುಖ್, ನಿವೇದಿತಾ ಭಾಸಿನ್ 1985ರಲ್ಲಿ ಕಲ್ಕತ್ತೆಯಿಂದ ಸಿಲ್ಚಾರಿಗೆ ಬರೀ ಹೆಂಗಸರೇ ಇದ್ದ ವಿಮಾನ ಹಾರಿಸಿದರು. ಆ ಸಾಲಿನಲ್ಲಿ ಈ ನಾಲ್ವರನ್ನೂ ಇಟ್ಟು ಆ ವಾರ ತರಗತಿಯಲ್ಲಿ ಹೇಳಿದೆ. ಆಗಷ್ಟೇ ಶಾಲೆ ತೆರೆದಿತ್ತು, ಬೆಂಚಿಗೊಬ್ಬರಂತೆ ಹತ್ತನೇ ತರಗತಿಯವರು ಕೂತಿದ್ದರು.

ಅಮ್ಮನಿಗೂ ಹೇಳಿದೆ. ಅವಳಿಗೆ 84. ಗೋಡೆಯ ಮೇಲೆ ಅವಳ ಪಾಲಿಗೆ ಎರಡು ಗಡಿಯಾರ. ಒಂದು ನಮ್ಮದು, ಇನ್ನೊಂದು ಅಕ್ಕನದು. ಬರೀ ಹನ್ನೆರಡು ಗಂಟೆಯ ವ್ಯತ್ಯಾಸವಾಗಿದ್ದರೆ ಒಂದೇ ಗಡಿಯಾರ ಸಾಕಿತ್ತು, ಆದರೆ ನಮ್ಮ ದೇಶದ ಹೊತ್ತಿಗೆ ಆ ಅರ್ಧ ಗಂಟೆಯ ಬಾಲವಿದೆ. ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಮಾರ್ಚಿಯಲ್ಲಿ ಒಂದು ಸಲ, ನವೆಂಬರಿನಲ್ಲಿ ಒಂದು ಸಲ ತಮ್ಮ ಸ್ಟೂಲು ಹತ್ತಿ ಮುಳ್ಳು ತಿರುಗಿಸಬೇಕು. “ಹದಿನೇಳು ಗಂಟೆಯಾ? ಹಾಗಾದರೆ ಇಲ್ಲಿ ಕಾಫಿ ಕುಡಿದು ಹೊರಟರೆ ಮಾರನೇ ದಿನದ ಕಾಫಿಗೆ ಮೊದಲೇ ಸಿಗುತ್ತಾಳೆ” ಎಂದಳು. ಆನಂದಿಬಾಯಿಯ ಐವತ್ತೆಂಟು ದಿನ ನಮ್ಮಮ್ಮನ ಕಾಲಕ್ಕೆ ಒಂದು ಕಾಫಿಯಿಂದ ಇನ್ನೊಂದು ಕಾಫಿಗೆ ಬಂದಿತ್ತು.

ನಾಲ್ಕು ತಿಂಗಳ ಮೇಲೆ, ಮೇ ತಿಂಗಳಲ್ಲಿ, ಅಮ್ಮ ಹೋದಳು. ಕೋವಿಡ್ಡಿನಿಂದಲ್ಲ, ಹೃದಯ ಸೋತಿತ್ತು. ಮೂರು ದಿನ ಮುಂಚೆಯೇ ನಮಗೆ ಗೊತ್ತಾಗಿತ್ತು. ಆದರೆ ಅದೇ ವಾರ ಅಲ್ಲಿ ಭಾವನಿಗೆ ಕೋವಿಡ್, ಅಕ್ಕನನ್ನೂ ಮನೆಯಿಂದ ಹೊರಬಿಡುವ ಹಾಗಿರಲಿಲ್ಲ. ಪರೀಕ್ಷೆಯ ಕಾಗದವಿಲ್ಲದೆ ಯಾವ ವಿಮಾನವೂ ಹತ್ತಿಸಿಕೊಳ್ಳುವ ಕಾಲವಲ್ಲ. ಈ ಎರಡು ಊರುಗಳ ನಡುವೆ ಚರಿತ್ರೆಯಲ್ಲೇ ಅತ್ಯಂತ ಕಡಿಮೆ ಹೊತ್ತಿನ ದಾರಿ ತೆರೆದ ವರ್ಷ ಅದು. ಅಪ್ಪನಿಗೆ ನಾಲ್ಕು ದಿನ ತಡವಾಗಿಯಾದರೂ ಬಂದಿದ್ದಳು. ಅಮ್ಮನ ಬಾಯಿಗೆ ನೀರು ಬಿಡುವುದನ್ನು ನಾನು ಹಿಡಿದ ಫೋನಿನಲ್ಲಿ ನೋಡಿದಳು. ನಮಗೆ ರಾತ್ರಿ ಒಂಬತ್ತು, ಅವಳಿಗೆ ಬೆಳಿಗ್ಗೆ ಎಂಟೂವರೆ. ಅವಳ ಹಿಂದಿನ ಕಿಟಕಿಯಲ್ಲಿ ಬಿಸಿಲಿತ್ತು.

ಅಕ್ಕ ಬಂದದ್ದು 2023ರ ಜನವರಿಯಲ್ಲಿ. ಮಂಡಿನೋವಿನವಳು, ಹದಿನೇಳು ಗಂಟೆ ಒಂದೇ ಸಮನೆ ಕೂರಲಾರೆನೆಂದು ನಡುವೆ ಇಳಿದು ಹತ್ತಿಯೇ ಬಂದಳು. ದೇವನಹಳ್ಳಿಯಿಂದ ತಿಪಟೂರಿಗೆ ಕಾರಿನಲ್ಲಿ ನಾಲ್ಕು ಗಂಟೆಯಾಯಿತು. ಮೊದಲ ವಾರ ಅವಳಿಗೆ ನಿದ್ದೆ ಹಗಲು, ಎಚ್ಚರ ರಾತ್ರಿ. ಎರಡು ಗಂಟೆಗೇ ಎದ್ದು ಅಡಿಗೆಮನೆಯ ದೀಪ ಹಾಕುವಳು, ನಾನೂ ಏಳುವೆ. ಹಾಗೊಂದು ರಾತ್ರಿ ಅಮ್ಮನ ಟ್ರಂಕು ತೆಗೆದೆವು. ತಳದಲ್ಲಿ ಸೀರೆಯ ಸೆರಗಿನ ತುಂಡಿನಲ್ಲಿ ಕಟ್ಟಿಟ್ಟ ಏರೋಗ್ರಾಂಗಳು. ಅಕ್ಕನವೇ. ಬರೆದ ತಾರೀಖು ಒಳಗೆ, ತಿಪಟೂರು ಅಂಚೆಯ ಮುದ್ರೆ ಹೊರಗೆ. ಹಲವಕ್ಕೆ ಹನ್ನೊಂದು ದಿನ, ಹದಿನಾಲ್ಕು ದಿನ. ಅವಳು ಬಸುರಿಯಾದ ಸುದ್ದಿ ಹೊತ್ತ ಒಂದು ಕಾಗದ ಇಪ್ಪತ್ತಮೂರು ದಿನ ದಾರಿಯಲ್ಲಿತ್ತು. ಅಮ್ಮ ಪ್ರತಿಯೊಂದರ ಮೂಲೆಯಲ್ಲೂ ಕೊಬ್ಬರಿ ಲೆಕ್ಕದ ಪೆನ್ಸಿಲಿನಲ್ಲಿ ದಿನದ ಸಂಖ್ಯೆ ಬರೆದಿಟ್ಟಿದ್ದಳು. ನೆಲದ ಮೇಲೆ ಹರಡಿಕೊಂಡು ತಾರೀಖಿನ ಪ್ರಕಾರ ಜೋಡಿಸಲು ಕೂತೆವು. ಹಾಲಿನವನು ಗೇಟು ತಟ್ಟುವ ಹೊತ್ತಿಗೆ 1987ಕ್ಕೆ ಬಂದಿದ್ದೆವು.